ಮಂಡಿಪೇಟೆಯ ಗ್ರಂಧಿಗೆ ಅಂಗಡಿ: ಸಾಮಾನಿಗೆ 4 ಸ್ಟಾರ್, ಸಲಹೆಗೆ 1

ತುಮಕೂರಿನ ಮಂಡಿಪೇಟೆಯಲ್ಲಿರುವ ಒಂದು ಗ್ರಂಧಿಗೆ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೊಗಳಿಕೆಯ ಜೊತೆ ದೂರೂ ಇದೆ, ಸುಮ್ನೆ ಯಾಕೆ ಒಬ್ಬರ ಹೊಟ್ಟೆ ಮೇಲೆ ಹೊಡೆಯುವುದು. ಇಂಥ ಅಂಗಡಿ ನಿಮ್ಮೂರಿನ ಪೇಟೆ ಬೀದಿಯಲ್ಲೂ ಒಂದು ಇದ್ದೇ ಇರುತ್ತದೆ. ಮುಂದೆ ಹೋಮದ ಸಾಮಾನು, ಊದುಬತ್ತಿ, ಕರ್ಪೂರ. ಒಳಗೆ ಗೋಣಿಚೀಲಗಳಲ್ಲಿ ಸೀಗೆಕಾಯಿ, ಅಂಟುವಾಳ, ಬಜೆ, ಅಳಲೆಕಾಯಿ, ಹಿಪ್ಪಲಿ, ಲಾವಂಚ. ಬಾಣಂತಿ ಸಾಮಾನು ಅಂದರೆ ಸಾಕು, ಚೀಟಿ ಇಲ್ಲದೆ ಬಾಯಲ್ಲೇ ಹೇಳಿಕೊಂಡು ಕಟ್ಟಿಕೊಡುತ್ತಾರೆ.

ಮನೆಯಲ್ಲೇ ತಲೆಗೆ, ಮೈಗೆ, ಗಂಟಲಿಗೆ ಏನಾದರೂ ಮಾಡಿಕೊಳ್ಳುವವರಿಗೆ ಈ ಅಂಗಡಿ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಷರತ್ತು. ಇಡೀ ಕಾಯಿ, ಇಡೀ ಬೇರು, ಇಡೀ ಕಾಳು ತನ್ನಿ. ಪುಡಿ ಮಾಡಿ ಪ್ಯಾಕೆಟ್ ಕಟ್ಟಿಟ್ಟಿರುವುದನ್ನು ಬಿಟ್ಟುಬಿಡಿ. ಪುಡಿಯೊಳಗೆ ಏನಿದೆ ಅಂತ ನೋಡಿ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ, ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಸೀಗೆಕಾಯಿ ಇಲ್ಲಿನ ಅತ್ಯುತ್ತಮ ಮಾಲು. ಒಳ್ಳೇ ಕಾಯಿ ಮುರಿದರೆ ಪಟ್ ಅನ್ನಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮುರಿಯದೆ ಬಗ್ಗಿದರೆ ತೇವ ಇದೆ ಅಂತ ಲೆಕ್ಕ, ಡಬ್ಬಿಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಸಣ್ಣ ತೂತುಗಳಿದ್ದರೆ ಹುಳ ಬಿದ್ದಿದೆ. ಇಲ್ಲಿ ಚೀಲಕ್ಕೆ ಕೈಹಾಕಿ ಆರಿಸಿಕೊಳ್ಳಲು ಬಿಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಯಜಮಾನರೇ ಒಂದು ಕಾಯಿ ಮುರಿದು ಕೈಗೆ ಕೊಟ್ಟು, "ನೋಡಕ್ಕಾ, ಹೊಸಾ ಮಾಲು, ಬೇಡ ಅನ್ಸಿದ್ರೆ ಬಿಡಿ" ಅನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಈ ಸುಖ ಎಲ್ಲಿ ಬರಬೇಕು.

ನಮ್ಮ ಮನೆಯ ಅಳತೆ ಹೀಗೆ. 1 ಕೆಜಿ ಸೀಗೆಕಾಯಿಗೆ ಕಾಲು ಕೆಜಿ ಹೆಸರುಕಾಳು, 100 ಗ್ರಾಂ ಮೆಂತ್ಯ, ಬೀಜ ತೆಗೆದ ಅಂಟುವಾಳ ಒಂದು ಹಿಡಿ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ. ಎಲೆ ಬಿಟ್ಟು ಉಳಿದದ್ದನ್ನೆಲ್ಲ ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಚೆನ್ನಾಗಿ ಒಣಗಿಸಬೇಕು. ಆಮೇಲಿನದೇ ತಲೆನೋವು. ರಾಗಿ ಬೀಸುವ ಗಿರಣಿಯವರು ಸೀಗೆಕಾಯಿ ನೋಡಿದರೆ ಒಳಗೇ ಬಿಡುವುದಿಲ್ಲ, ಮುಂದಿನವರ ಹಿಟ್ಟು ಹಾಳಾಗುತ್ತದೆ ಅನ್ನುತ್ತಾರೆ, ಅದೂ ನಿಜವೇ. ಖಾರದ ಪುಡಿ ಮಾಡುವ ಮಷಿನ್ನಿಗೆ ಹಾಕಿಸಿದರೆ ತಲೆಗೆ ಹಚ್ಚಿಕೊಂಡ ಮೇಲೆ ಗೊತ್ತಾಗುತ್ತದೆ ಉರಿ ಅಂದರೆ ಏನು ಅಂತ. ಸೀಗೆಪುಡಿಗೆ ಅಂತಲೇ ಬೇರೆ ಮಷಿನ್ ಇಟ್ಟವರು ಇರುತ್ತಾರೆ, ಅಂಗಡಿಯಲ್ಲೇ ಕೇಳಿ, ದಾರಿ ಹೇಳುತ್ತಾರೆ. ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳಿಗೆ ಸೀನು ನಿಲ್ಲುವುದೇ ಇಲ್ಲ. ಮನೆಗೆ ತಂದು ಜರಡಿ ಹಿಡಿಯದೆ ಹಚ್ಚಿದರೆ ಕೂದಲ ಬುಡದಲ್ಲಿ ಚರಟ ಉಳಿದು ಎರಡು ದಿನ ಬಾಚಣಿಗೆಗೆ ಬರುತ್ತಿರುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ನಮ್ಮ ಕಡೆ ಬೋರ್ ನೀರು. ಸೋಪು ಹಚ್ಚಿದರೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವುದು ಸಪೋನಿನ್ ಅನ್ನುವ ಅಂಶ, ಅದು ಹೀಗೆ ಜಿಡ್ಡು ಕಟ್ಟುವುದಿಲ್ಲ. ಪುಡಿಯನ್ನು ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹಚ್ಚಿದರೆ ಜಾರದೆ ನಿಲ್ಲುತ್ತದೆ, ಕೂದಲೂ ಒರಟಾಗುವುದಿಲ್ಲ. ಎಣ್ಣೆ ಪೂರ್ತಿ ಹೋಗುವುದಿಲ್ಲ ಅಂತ ದೂರುವವರು ಇದ್ದಾರೆ. ಹೌದು, ಹೋಗುವುದಿಲ್ಲ, ಸ್ವಲ್ಪ ಉಳಿಯಬೇಕು ಅಂತಲೇ ಅಲ್ವಾ ಎಣ್ಣೆ ಹಚ್ಚುವುದು? ಕಣ್ಣಿಗೆ ಬಿದ್ದರೆ ಮಾತ್ರ ದೇವರೇ ಗತಿ, ಚಿಕ್ಕ ಮಕ್ಕಳಿಗೆ ಹುಷಾರು. ಬಚ್ಚಲಿನ ಜಾಲರಿಯನ್ನೂ ಆಗಾಗ ಬಿಚ್ಚಿ ತೊಳೆಯಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಪುಡಿಯ ಬದಲು ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಸೋಸಿದ ನೀರು ಬಳಸಿದರೆ ಪೈಪು ಕಟ್ಟಿಕೊಳ್ಳುವ ರಗಳೆ ಇಲ್ಲ.

ದಾಸವಾಳದ ಗಿಡ ಮನೆಯಲ್ಲಿದ್ದರೆ ಅಷ್ಟೂ ಬೇಡ. ಎಲೆ ಕಿವುಚಿ ಲೋಳೆ ತೆಗೆದು ಹಚ್ಚಿ. ದಕ್ಷಿಣ ಕನ್ನಡದ ನನ್ನ ಗೆಳತಿ ಅದನ್ನು ಗೊಂಪು ಅನ್ನುತ್ತಾಳೆ, ಶಾಂಪೂ ಬಾಟಲಿ ಅವರ ಮನೆಯಲ್ಲಿ ನೆಂಟರಿಗೆ ಮಾತ್ರ. ಒಂದು ಮಾತು, ಇದರಲ್ಲಿ ಯಾವುದರಿಂದಲೂ ಉದುರಿದ ಕೂದಲು ವಾಪಸ್ ಬರುವುದಿಲ್ಲ. ಥೈರಾಯ್ಡ್‌ನಿಂದಲೋ ರಕ್ತ ಕಡಿಮೆಯಾಗಿಯೋ ಉದುರುತ್ತಿದ್ದರೆ ಎಷ್ಟು ಮೆಂತ್ಯ ಅರೆದರೂ ಅಷ್ಟೇ.

ಕಸ್ತೂರಿ ಅರಿಶಿನದ ವಿಷಯಕ್ಕೆ ಅಂಗಡಿಗೆ ಒಂದು ಸ್ಟಾರ್ ಕಡಿಮೆ. ಹಳದಿ ಚೂರುಗಳನ್ನು ತೋರಿಸಿ ಇದೇ ಕಸ್ತೂರಿ ಅರಿಶಿನ ಅನ್ನುತ್ತಾರೆ. ನಿಜವಾದದ್ದು ಒಳಗೆ ಅಷ್ಟು ಹಳದಿ ಇರುವುದಿಲ್ಲ, ಕೆನೆಬಣ್ಣ. ಮೂಸಿದರೆ ಕರ್ಪೂರದ ಹಾಗೆ ವಾಸನೆ. ಹಚ್ಚಿ ತೊಳೆದರೆ ಮುಖ ಹಳದಿಯಾಗುವುದಿಲ್ಲ. ನಾನು ತಂದ ಚೂರಿನಿಂದ ಟವಲ್ ಹಳದಿಯಾಯಿತು, ಬಣ್ಣ ಇನ್ನೂ ಹೋಗಿಲ್ಲ. ಕೇಳಿದರೆ, "ಎಲ್ಲರೂ ಇದನ್ನೇ ಒಯ್ಯೋದು" ಅಂದರು. ಇರಬಹುದು, ಆದರೆ ಎಲ್ಲರೂ ಒಯ್ದ ಮಾತ್ರಕ್ಕೆ ಅದು ಕಸ್ತೂರಿ ಅರಿಶಿನ ಆಗುವುದಿಲ್ಲವಲ್ಲ. ಮೈಗೆ ಹಚ್ಚಲು ನಾನು ಈಗ ಅದನ್ನು ಬಿಟ್ಟು ಬರೀ ಕಡಲೆಹಿಟ್ಟು, ಹೆಸರುಹಿಟ್ಟು ಬಳಸುತ್ತೇನೆ. ಯುಗಾದಿಗೆ, ದೀಪಾವಳಿಗೆ ಎಣ್ಣೆ ನೀರು ಹಾಕಿಕೊಂಡಾಗ ಇಷ್ಟು ಸಾಕು. ಹರಳೆಣ್ಣೆ ಒಂದೇ ಹಚ್ಚಿದರೆ ಅಂಟಂಟು, ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿಕೊಳ್ಳಿ.

ಕೂದಲಿಗೆ ಕಪ್ಪು ಬಣ್ಣ ಹಚ್ಚುವವರು ಇದನ್ನು ಓದಲೇಬೇಕು. ಕೌಂಟರಿನ ಮೇಲೆ 'ಹರ್ಬಲ್' ಅಂತ ಬರೆದ ಕಪ್ಪು ಮೆಹಂದಿಯ ಸಣ್ಣ ಪ್ಯಾಕೆಟ್‌ಗಳು ನೇತಾಡುತ್ತಿರುತ್ತವೆ. ಮದರಂಗಿ ಎಲೆಯಿಂದ ಬರುವುದು ಕೆಂಪು, ಕಿತ್ತಳೆ ಬಣ್ಣ ಅಷ್ಟೇ. ಕಪ್ಪಾಗಬೇಕಾದರೆ ನೀಲಿ ಸೊಪ್ಪಿನ ಪುಡಿ ಸೇರಬೇಕು, ಅದು ಹಂತ ಹಂತವಾಗಿ ನಿಧಾನಕ್ಕೆ ಆಗುವ ಕೆಲಸ. ಅರ್ಧ ಗಂಟೆಯಲ್ಲಿ ಕರ್ರಗೆ ಆಗುತ್ತದೆ ಅಂದರೆ ಒಳಗೆ ಪಿಪಿಡಿ ಅನ್ನುವ ರಾಸಾಯನಿಕ ಇರುವ ಸಾಧ್ಯತೆಯೇ ಜಾಸ್ತಿ. ಅದು ಒಗ್ಗದವರಿಗೆ ನೆತ್ತಿ, ಹಣೆ, ರೆಪ್ಪೆ ಎಲ್ಲಾ ಊದಿಕೊಳ್ಳುತ್ತದೆ. ಪ್ಯಾಕೆಟ್ ತಿರುಗಿಸಿ ಓದಿ. ಓದಲು ಆಗದಷ್ಟು ಸಣ್ಣಗೆ ಬರೆದಿದ್ದರೆ ಅಲ್ಲೇ ಇಡಿ.

ಗಂಟಲಿಗೆ, ನೆಗಡಿಗೆ ಬೇಕಾದದ್ದು ಇಲ್ಲಿ ಚೆನ್ನಾಗಿ ಸಿಗುತ್ತದೆ. ಕಷಾಯದ ಪುಡಿಗೆ ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು ಎರಡು ಚಮಚ, ಮೆಂತ್ಯ ಒಂದು ಚಮಚ, ಬೆರಳುದ್ದದ ಒಣಶುಂಠಿ. ಶುಂಠಿ ಬಿಟ್ಟು ಮಿಕ್ಕಿದ್ದನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಶುಂಠಿ ಜಜ್ಜಿ ಹಾಕಿ ಪುಡಿ ಮಾಡಿದರೆ ಆಯಿತು. ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹಾಲು. ಇದು ಔಷಧಿ ಅಂತ ನಾನು ಹೇಳುವುದಿಲ್ಲ, ಆದರೆ ಸಂಜೆ ಕಾಫಿಯ ಜಾಗಕ್ಕೆ ಆರಾಮಾಗಿ ಕೂರುತ್ತದೆ. ಅತಿಮಧುರದ ಕಡ್ಡಿಯನ್ನೂ ಕೊಡುತ್ತಾರೆ. ಕೆರೆತ ಇದ್ದಾಗ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಹಿತ. ಬಿಪಿ ಇರುವವರು ದಿನಾ ಚಪ್ಪರಿಸಬಾರದು, ಅದು ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಹೇಳಬೇಕಾದ್ದನ್ನು ಹೇಳುವುದಿಲ್ಲ, ಹೇಳಬಾರದ್ದನ್ನು ಧಾರಾಳವಾಗಿ ಹೇಳುತ್ತಾರೆ, ನನ್ನ ಸಿಟ್ಟು ಅಲ್ಲೇ. ಸಕ್ಕರೆ ಕಾಯಿಲೆಗೆ ಒಂದು ಪುಡಿ, ಮಂಡಿನೋವಿಗೆ ಒಂದು ಎಣ್ಣೆ, ಕಿಡ್ನಿ ಕಲ್ಲಿಗೆ ಒಂದು ಬೇರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜನಿಗೆ, "ಮಾತ್ರೆ ಬಿಟ್ಬಿಡಿ, ಇದ್ರಲ್ಲೇ ಕಮ್ಮಿ ಆಗತ್ತೆ" ಅಂದಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಡ್ಡಿ ಕಂತೆಗಟ್ಟಲೆ ಖರ್ಚಾಯಿತಲ್ಲ, 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಕೆಲವರಿಗೆ ಲಿವರ್ ತೊಂದರೆ ಆಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಜಗಳ ಇನ್ನೂ ಇದೆ. ಯಾರು ಸರಿಯಾದರೂ, ಲಿವರ್ ತೊಂದರೆ ಮೊದಲೇ ಇದ್ದವರು ಡಾಕ್ಟರನ್ನು ಕೇಳದೆ ದಿನಾ ಲೋಟಗಟ್ಟಲೆ ಕುಡಿಯುವುದು ಬೇಡ.

ಮಗುವಿನ ಸಾಮಾನಿನಲ್ಲಿ ಇನ್ನೂ ಎಚ್ಚರ. ಎಳೆಗೂಸಿಗೆ ಬಜೆ ತೇಯ್ದು ನೆಕ್ಕಿಸುವುದು ನಮ್ಮಲ್ಲಿ ಹಳೇ ಪದ್ಧತಿ, ಅಜ್ಜಿಯಂದಿರು ಸಿಟ್ಟಾದರೂ ಪರವಾಗಿಲ್ಲ, ನಾನು ಕೊಡುವುದಿಲ್ಲ. ಬಜೆಯಲ್ಲಿ ಅಸರೋನ್ ಅನ್ನುವ ಅಂಶವಿದೆ, ಅದರ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬಜೆ ಸೇರಿಸುವುದನ್ನು ನಿಲ್ಲಿಸಿದರು. ಬಜೆಯನ್ನು ಜೇನುತುಪ್ಪದಲ್ಲಿ ತೇಯುವುದೂ ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ ಅಂತ ಮಕ್ಕಳ ಡಾಕ್ಟರು ಹೇಳುವುದು ಬಾಟುಲಿಸಂ ಅನ್ನುವ ಕಾಯಿಲೆಯ ಭಯಕ್ಕೆ. ಬಿಡಿ ಸುರ್ಮಾ, ಕಾಡಿಗೆ ಕೂಡ ತರಬೇಡಿ, ಕೆಲವದರಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ದೀಪದ ಮಸಿಗೆ ತುಪ್ಪ ಸೇರಿಸಿ ಕಾಲಿಗೆ ಇಡಿ, ಕಣ್ಣಿನೊಳಗೆ ಬೇಡ.

ಅಂಗಡಿಗೆ ಸಂಬಂಧ ಇಲ್ಲದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಮುಖಕ್ಕೆ ನಿಂಬೆಹಣ್ಣು ಉಜ್ಜುವವರು ದಯವಿಟ್ಟು ನಿಲ್ಲಿಸಿ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು, ನಮ್ಮ ಚರ್ಮದ್ದು ಸುಮಾರು 5. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ, ಬಿಳಿಯಾಗಲು ಹೋಗಿ ಕರಿಯಾದ ಕಥೆ. ಅಡುಗೆ ಸೋಡಾ ಇನ್ನೊಂದು ಕಡೆಯ ಅತಿ. ಯಾವುದೇ ಹೊಸ ಪುಡಿ, ಎಣ್ಣೆ ತಂದರೂ ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಿರಿ.

ಪಟಕ, ಅಂದರೆ ಆಲಂ ಕಲ್ಲು, ಮಾತ್ರ ಕಣ್ಣುಮುಚ್ಚಿ ತನ್ನಿ. ನಮ್ಮ ಮನೆಯವರು ಗಡ್ಡ ಕೆರೆದ ಮೇಲೆ ಅದನ್ನೇ ಒದ್ದೆ ಮಾಡಿ ಸವರಿಕೊಳ್ಳುತ್ತಾರೆ, ಬೇಸಿಗೆಯಲ್ಲಿ ಕಂಕುಳಿಗೂ ಆಗುತ್ತದೆ. ಒಂದು ಗಟ್ಟಿ ತಂದರೆ ಸವೆಯುವುದೇ ಇಲ್ಲ. ಲಾವಂಚದ ಬೇರು ಕೂಡ ಚೆನ್ನಾಗಿದೆ, ಆದರೆ ಮಣ್ಣು ಜಾಸ್ತಿ, ಮೂರ್ನಾಲ್ಕು ನೀರಲ್ಲಿ ತೊಳೆದೇ ಕುಡಿಯುವ ಮಡಕೆಗೆ ಹಾಕಿ.

ಬೆಲೆ ವಿಷಯದಲ್ಲಿ ಮೋಸ ಇಲ್ಲ, ತೂಕವೂ ಸರಿ. ಕಾಲು ಕೆಜಿ ಸೀಗೆಕಾಯಿಗೆ ಒಳ್ಳೇ ಶಾಂಪೂ ಬಾಟಲಿಯ ಅರ್ಧ ದುಡ್ಡೂ ಆಗುವುದಿಲ್ಲ. ಫೋನ್‌ಪೇ ಇದೆ, ಬಿಲ್ ಕೇಳಿದರೆ ಮಾತ್ರ ಪೇಪರ್ ತುಂಡಿನ ಮೇಲೆ ಬರೆದುಕೊಡುತ್ತಾರೆ. ಚೀಲ ನೀವೇ ಒಯ್ಯಿರಿ, ಅವರು ಕಟ್ಟುವ ಪೇಪರ್ ಪೊಟ್ಟಣ ಬಸ್ಸಿನಲ್ಲಿ ಬಿಚ್ಚಿಕೊಳ್ಳುತ್ತದೆ. ಗಾಡಿ ನಿಲ್ಲಿಸಲು ಜಾಗ ಇಲ್ಲವೇ ಇಲ್ಲ. ಹಬ್ಬದ ಹಿಂದಿನ ದಿನ ಹೋಗಬೇಡಿ. ಪೂಜೆ ಸಾಮಾನಿನವರ ನೂಕುನುಗ್ಗಲಿನಲ್ಲಿ ಚೀಲಕ್ಕೆ ಕೈಹಾಕಿ ಆರಿಸಲು ಬಿಡುವುದಿಲ್ಲ, ತಳದಲ್ಲಿರುವ ಪುಡಿಕಾಯಿ ತುಂಬಿ ಕಳಿಸುತ್ತಾರೆ.