ಇನ್ವರ್‌ಗಾರ್ಡನ್‌ನಲ್ಲಿ ಇಳಿದು ಕೋಟೆ ನೋಡಲು ಹೊರಟವರೇ, ಸ್ವಲ್ಪ ನಿಲ್ಲಿ

ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್ ಬಂದರಿಗೆ ಕ್ರೂಸ್ ಹಡಗಿನಲ್ಲಿ ಹೋಗುವವರಿದ್ದೀರಾ? ಎರಡು ಕೋಟೆ ಮತ್ತು ಲಾಕ್ ನೆಸ್ ಸರೋವರವನ್ನು ಒಂದೇ ದಿನದಲ್ಲಿ ತೋರಿಸುತ್ತೇವೆ ಅನ್ನುವ ಬಸ್ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ನಾವು ಅಂಥದ್ದೊಂದು ಖಾಸಗಿ ಟೂರ್‌ನಲ್ಲಿ ಹೋದೆವು. ಒಂದು ಕೋಟೆಯ ಒಳಗೂ ಕಾಲಿಡಲು ಆಗಲಿಲ್ಲ.

ಅರ್ಕರ್ಟ್ ಕೋಟೆ ಇರುವುದು ಲಾಕ್ ನೆಸ್ ದಡದಲ್ಲಿ, ಇನ್ವರ್ನೆಸ್ ಊರಿನ ನೈಋತ್ಯಕ್ಕೆ. ಕಾಡರ್ ಕೋಟೆ ಅದೇ ಊರಿನ ಪೂರ್ವಕ್ಕೆ. ಅಂದರೆ ಒಂದು ಆ ಕಡೆ, ಇನ್ನೊಂದು ಈ ಕಡೆ. ಬಂದರಿನಿಂದ ಅರ್ಕರ್ಟ್‌ಗೇ ಬಸ್ಸಿನಲ್ಲಿ ಗಂಟೆಗಿಂತ ಜಾಸ್ತಿ ಬೇಕು. ಸರೋವರದ ಪಕ್ಕದ ಎ82 ರಸ್ತೆಯಲ್ಲಿ ವೇಗವಾಗಿ ಹೋಗುವ ಹಾಗಿಲ್ಲ. ಎಷ್ಟೋ ಕಡೆ ಮರಗಳು ಅಡ್ಡ ಬಂದು ನೀರೂ ಕಾಣುವುದಿಲ್ಲ. ಈ ದೂರ ಟೂರ್ ನಡೆಸುವವರಿಗೆ ಗೊತ್ತಿರಲೇಬೇಕು, ಅಲ್ವಾ?

ನಮ್ಮ ಬಸ್ಸು ಮೊದಲು ಉಣ್ಣೆ ಬಟ್ಟೆಯ ಅಂಗಡಿಯ ಮುಂದೆ ನಿಂತಿತು. ಅಲ್ಲಿ ಬೇಕಾದಷ್ಟು ಹೊತ್ತು ಕೊಟ್ಟರು. ಅರ್ಕರ್ಟ್ ಬಂದಾಗ ಮಾತ್ರ ರಸ್ತೆ ಬದಿಯಲ್ಲಿ ನಿಲ್ಲಿಸಿ, ಇಲ್ಲಿಂದಲೇ ಫೋಟೋ ತೆಗೆದುಕೊಳ್ಳಿ ಅಂದರು. ಟಿಕೆಟ್ ನಮ್ಮ ಹಣದಲ್ಲಿ ಸೇರಿರಲಿಲ್ಲ. ಅವತ್ತಿನ ಟಿಕೆಟ್ ಮುಗಿದಿತ್ತು ಕೂಡ. 1692ರಲ್ಲಿ ಕಾವಲು ಪಡೆ ಬಿಟ್ಟುಹೋಗುವಾಗ ಅಲ್ಲಿನ ಹೆಬ್ಬಾಗಿಲನ್ನು ಮದ್ದಿಟ್ಟು ಒಡೆಯಿತು. ಆ ಗೋಡೆಯ ದೊಡ್ಡ ತುಂಡುಗಳು ಇವತ್ತಿಗೂ ಬಿದ್ದ ಜಾಗದಲ್ಲೇ ಇವೆ. ಅದನ್ನು ಹತ್ತಿರದಿಂದ ನೋಡಬೇಕೆಂದೇ ನಾನು ಹೋಗಿದ್ದು. ಜೊತೆಗಿದ್ದ ವಯಸ್ಸಾದವರೊಬ್ಬರು ಕಿಟಕಿಯಿಂದ ಇಣುಕಿ ನೋಡಿ ಸುಮ್ನೆ ಕೂತರು. ತುಂಬಾ ಬೇಜಾರಾಯಿತು.

ಕಾಡರ್‌ಗೆ ಸಮಯವಿಲ್ಲ ಎಂದು ದಾರಿಯಲ್ಲಿ ಹೇಳಿದರು. ವಾಪಸ್ ಬರುವಾಗ ಎ9 ರಸ್ತೆಯಲ್ಲಿ ಗಾಡಿಗಳ ಸಾಲು. ಆಗ ಹೆದರಿಕೆ ಶುರುವಾಯಿತು. ಹಡಗಿನವರೇ ನಡೆಸುವ ಟೂರ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಖಾಸಗಿ ಟೂರ್‌ನವರಿಗಾಗಿ ಕಾಯುವುದಿಲ್ಲ. ಮುಂದಿನ ಬಂದರು ಆರ್ಕ್ನಿಯ ಕರ್ಕ್‌ವಾಲ್ ಆಗಿದ್ದರೆ ಅದಿರುವುದು ದ್ವೀಪದಲ್ಲಿ. ವಿಮಾನವೋ ಫೆರಿಯೋ ಹಿಡಿದು ಸ್ವಂತ ಖರ್ಚಿನಲ್ಲಿ ಹೋಗಬೇಕು. ಹಡಗಿನ ಬಾಗಿಲು ಮುಚ್ಚುವ ಹೊತ್ತಿಗೆ ಹೇಗೋ ತಲುಪಿದೆವು.

ಹಾಗಾಗಿ ಬುಕ್ ಮಾಡುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ: ಕೋಟೆಯ ಟಿಕೆಟ್ ಸೇರಿದೆಯಾ, ಯಾವ ಜಾಗದಲ್ಲಿ ಎಷ್ಟು ನಿಮಿಷ, ಅಂಗಡಿಗೆ ನಿಲ್ಲಿಸುತ್ತೀರಾ, ಹಡಗು ತಪ್ಪಿದರೆ ಖರ್ಚು ಯಾರದ್ದು? ಉತ್ತರ ಜಾರಿಕೊಂಡರೆ ಬಿಟ್ಟುಬಿಡಿ. ಅರ್ಕರ್ಟ್ ಒಂದನ್ನೇ ನೋಡಿದರೂ ಸಾಕು. ಅಲ್ಲಿ ಸ್ವಾಗತ ಕೇಂದ್ರದಿಂದ ಕೋಟೆಗೆ ಇಳಿಜಾರಿನಲ್ಲಿ ನಡೆಯಬೇಕು, ಅದಕ್ಕೂ ಹೊತ್ತು ಬೇಕು. ಟಿಕೆಟ್ ಮೊದಲೇ ಕೊಂಡಿಟ್ಟುಕೊಳ್ಳಿ. ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟ್ ಫೋನ್ ನಂಬರ್ ಜೇಬಿನಲ್ಲಿರಲಿ.

ನಾನು ಹಣ ವಾಪಸ್ ಕೇಳಿದ್ದಕ್ಕೆ, ಸಮಯ ನೋಡಿಕೊಂಡು ಕಾರ್ಯಕ್ರಮ ಬದಲಾಗಬಹುದು ಎಂದು ಷರತ್ತಿನಲ್ಲೇ ಇದೆ ಅಂತ ಉತ್ತರ ಬಂತು. ಈಗ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಟೂರ್‌ನವರ ಜಾಹೀರಾತಿನ ಚಿತ್ರ ತೆಗೆದಿಟ್ಟುಕೊಂಡಿದ್ದು ಅದಕ್ಕೆ ಉಪಯೋಗಕ್ಕೆ ಬಂತು. ನೀವೂ ಬುಕ್ ಮಾಡುವ ದಿನವೇ ಅದನ್ನು ಉಳಿಸಿಟ್ಟುಕೊಳ್ಳಿ.