ತೀನ್ ಕಂದೀಲ್ ಹತ್ರದ ಸಿಮ್ ಅಂಗಡಿ, ಪೋರ್ಟ್ ಮಾಡ್ಸೋರು ಹೋಗಬಹುದು
ರಾಯಚೂರಾಗ ನಂಬರ್ ಪೋರ್ಟ್ ಮಾಡಿಸ್ಬೇಕಂದ್ರ, ಅಂದ್ರ ಅದೇ ನಂಬರ್ ಇಟ್ಕೊಂಡು ಕಂಪನಿ ಬದಲಿ ಮಾಡ್ಬೇಕಂದ್ರ, ಈ ಅಂಗಡಿಗೆ ಹೋಗ್ರಿ, ಬೋರ್ಡ್ ಸುದ್ದಾ ಸರಿಯಾಗಿ ಕಾಣಂಗಿಲ್ಲ ಆದ್ರ ಕೌಂಟರ್‌ನಾಗ ಕೂಡೋ ಹುಡುಗಗ ಕೆಲಸ ಗೊತ್ತದ. ನನ್ನ ಹಳೇ ಕಂಪನಿ ಸಿಗ್ನಲ್ ಮನಿ ಒಳಗ ಬರ್ತಿರಲಿಲ್ಲ, ನಂಬರ್ ಬಿಡಾಕೂ ಆಗಂಗಿಲ್ಲ, ಬ್ಯಾಂಕು ಆಧಾರು ಎಲ್ಲಾ ಅದಕ್ಕ ಲಿಂಕು. ಇಂಗ್ಲಿಷ್‌ನಾಗ ಪೋರ್ಟ್ ಅಂತ ಟೈಪ್ ಮಾಡ್ಸಿ, ಸ್ಪೇಸ್ ಬಿಟ್ಟು 10 ಅಂಕಿ ನಂಬರ್ ಹಾಕ್ಸಿ 1900ಕ್ಕ ಮೆಸೇಜ್ ಕಳ್ಸಿಸಿದ, 8 ಅಕ್ಷರದ ಕೋಡ್ ಬಂತು, ಇದು 4 ದಿನಾನೇ ನಡಿಯೋದು ಅಣ್ಣಾ ಆಧಾರ್ ಈಗಲೇ ಕೊಡ್ರಿ ಅಂದ.

ಜತಿಗೆ ಬಂದಿದ್ದ ನಮ್ಮ ಕಾಕಾಗ ಒಂದೇ ಡೌಟು, 9448 ಅಂದ್ರ ಬಿಎಸ್‌ಎನ್‌ಎಲ್ ಅಲ್ಲೇನೋ ತಮ್ಮಾ, ಬ್ಯಾರೆ ಕಂಪನಿಗೆ ಹೆಂಗ ಹೋಗ್ತದ? ಕಾಕಾ, 2011ರ ಜನವರಿಗೆ ದೇಶದ ತುಂಬ ಪೋರ್ಟಿಂಗ್ ಬಂದ ಮ್ಯಾಲ ಮೊದಲಿನ ಅಂಕಿ ನೋಡಿ ಕಂಪನಿ ಹೇಳಾಕ ಬರಂಗಿಲ್ಲ ಅಂತ ಹುಡುಗ ಸಮಾಧಾನಲೇ ಹೇಳ್ದ. ಗಂಜಿನ ಅಡತಿ ಅಂಗಡಿ ಲ್ಯಾಂಡ್‌ಲೈನಿಂದ ಮೊಬೈಲಿಗೆ ಯಾಕ ಹತ್ತಂಗಿಲ್ಲ ಅನ್ನೋದಕ್ಕೂ ಉತ್ತರ ಸಿಕ್ತು: 2021ರ ಜನವರಿ 15ರಿಂದ ಮೊಬೈಲ್ ನಂಬರಿನ ಮುಂದ 0 ಹಚ್ಚಲೇಬೇಕು. ಮೊಬೈಲಿಂದ ಮೊಬೈಲಿಗೆ ಬ್ಯಾಡ. ಮೊಬೈಲಿಂದ ನಮ್ಮೂರ ಲ್ಯಾಂಡ್‌ಲೈನಿಗೆ ಮಾಡಾಕ 08532 ಹೊಡೀಬೇಕು, ಊರೊಳಗೇ ಕುಂತಿದ್ರೂ!

ಒಂದೇ ಕಿರಿಕಿರಿ, ಸಿಮ್ ತಗೊಳಾಕ ಹೋದವರಿಗೂ ಸ್ಕ್ರೀನ್‌ಗಾರ್ಡ್ ಹಾಕ್ಸಿ ಹಾಕ್ಸಿ ಅಂತ ಬೆನ್ನು ಹತ್ತತಾನ. ಗಾಡಿ ನಿಲ್ಸಾಕ ಜಾಗಾನೂ ಇಲ್ಲ, ಸಂಜಿಮುಂದ ಹೋಗಬ್ಯಾಡ್ರಿ. 5ಕ್ಕ 4 ಸ್ಟಾರ್.