ದುರ್ಗಿಗುಡಿಯ ಹಲ್ಲಿನ ಕ್ಲಿನಿಕ್: ಕಾಯೋದು ಜಾಸ್ತಿ, ಕೆಲಸ ಗಟ್ಟಿ

ನಮ್ಮನೆಯವರು ಸೈನ್ಯದಲ್ಲಿದ್ದಾರೆ. ಈ ಸಲ ರಜೆ ಮುಗಿಸಿ ಹೋಗಬೇಕಾದ್ದು ಲಡಾಖ್ ಕಡೆಗೆ. ಹೊಸನಗರದ ಮನೆಗೆ ಬರುವಾಗಲೇ ಮೇಲಿನ ದವಡೆ ಹಲ್ಲು ಜುಂ ಅನ್ನುತ್ತಿತ್ತು. ಹಳೇ ಫಿಲ್ಲಿಂಗ್ ಇದ್ದ ಹಲ್ಲು. ಅತ್ತೆ ಲವಂಗ ಕೊಟ್ಟರು, ನಾನು ಶಿವಮೊಗ್ಗಕ್ಕೆ ಹೊರಡಿಸಿದೆ.

ಮೊದಲು ತೋರಿಸಿದ ಕಡೆ, ಹೆಸರು ಬೇಡ, ಮಾತ್ರೆ ಬರೆದು "ಮುಂದಿನ ರಜೆಗೆ ನೋಡೋಣ" ಅಂದರು. ಮುಂದಿನ ರಜೆ ಯಾವಾಗ ಅಂತ ನಮಗೇ ಗೊತ್ತಿಲ್ಲ!

ಆಮೇಲೆ ಬಂದದ್ದು ದುರ್ಗಿಗುಡಿಯ ಈ ಕ್ಲಿನಿಕ್‌ಗೆ. ಇಲ್ಲಿನ ಡಾಕ್ಟರ್ ಮೇಡಂ ಮೊದಲು ಕೇಳಿದ್ದೇ ಎಲ್ಲಿಗೆ ಹೋಗ್ತಿದ್ದೀರಿ ಅಂತ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಟಕ್ ಟಕ್ ಅಂತ ತಟ್ಟಿದರು. ಆ ಹಲ್ಲಿಗೆ ಬಂದಾಗ ಇವರ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯಿತು. ಎಕ್ಸ್‌ರೇ ನೋಡಿದರೆ ಬೆಳ್ಳಗಿನ ಫಿಲ್ಲಿಂಗ್ ಅಡಿ ಕಪ್ಪು ನೆರಳು. ಹುಳುಕು ನರದ ತನಕ ಇಳಿದಿತ್ತು.

ಶಿವಮೊಗ್ಗ ಇರೋದು 600 ಮೀಟರ್ ಒಳಗೆ, ಲಡಾಖ್‌ನ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಗಟ್ಟಿ ಹಲ್ಲಿಗೆ ಏನೂ ಆಗಲ್ಲವಂತೆ. ಹುಳುಕಿದ್ದರೆ, ಫಿಲ್ಲಿಂಗ್ ಸಡಿಲ ಇದ್ದರೆ ಒಳಗೆ ಸಿಕ್ಕ ಗಾಳಿ ಹಿಗ್ಗಿ ನೋವು ಕೊಡಬಹುದು. ಅಲ್ಲೇ ಲಡಾಖ್‌ನ ಸಿಯಾಚಿನ್ ಹಿಮನದಿ ಮೇಲಿನ ಪೋಸ್ಟ್‌ಗಳಿಗೆ ಸಾಮಾನು ಹೆಚ್ಚಾಗಿ ಹೋಗೋದು ಹೆಲಿಕಾಪ್ಟರ್‌ನಲ್ಲಿ, ಹವಾಮಾನ ಕೆಟ್ಟರೆ ಅದೂ ಹಾರಲ್ಲ. ಅಲ್ಲಿ ರಾತ್ರಿ ಹಲ್ಲುನೋವು ಬಂದರೆ ಯಾರನ್ನು ಕರೆಯೋದು?

ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬೋದು) ಅರ್ಧಕ್ಕೆ ಬಿಟ್ಟು ಕಳಿಸಲ್ಲ ಅಂದರು, ಹಾಗೇ ಮಾಡಿದರು. ಕ್ಯಾಪ್ ಕೂರಿಸಿದ ದಿನ ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ತುಸು ತುಸುವೇ ಉಜ್ಜಿ, ಮತ್ತೆ ಕಚ್ಚಿಸಿ... ಒಂಚೂರೂ ಬೇಜಾರಿಲ್ಲ. ಸೈನ್ಯದಲ್ಲಿ ಹಲ್ಲಿಗೇ ಅಂತ ಬೇರೆ ಡಾಕ್ಟರುಗಳಿದ್ದಾರೆ, ಆರ್ಮಿ ಡೆಂಟಲ್ ಕೋರ್ 1941ರಿಂದ ಇದೆ. ಅವರಿಗೆ ತೋರಿಸಲು ಎಕ್ಸ್‌ರೇ ಜೊತೆ ಏನೇನು ಮಾಡಿದೆ ಅಂತ ಚೀಟಿಯನ್ನೂ ಕೊಟ್ಟರು. ಕವಳ (ಎಲೆ-ಅಡಿಕೆ) ಬಿಡಿ ಅಂತಲೂ ಹೇಳಿದರು. ಅಡಿಕೆ ಬೆಳೆಯೋರ ಮನೆ ಮಗನಿಗೆ ಅದನ್ನ ಹೇಳೋಕೂ ಧೈರ್ಯ ಬೇಕು ಬಿಡಿ.

ದೂರು ಇಲ್ಲ ಅಂತಲ್ಲ. ಹನ್ನೊಂದಕ್ಕೆ ಬನ್ನಿ ಅಂದು ಹನ್ನೆರಡೂವರೆಗೆ ಕರೆಯುತ್ತಾರೆ. ಮೆಟ್ಟಿಲು ಕಿರಿದು, ವಯಸ್ಸಾದವರಿಗೆ ಕಷ್ಟ. ಕಾರು ನಿಲ್ಲಿಸೋಕೆ ಜಾಗ ಹುಡುಕುವುದೇ ಒಂದು ಕೆಲಸ. ಕ್ಯಾಪ್ ಸೇರಿ 8,000 ರೂಪಾಯಿ ಹತ್ತಿರ ಆಯ್ತು, ನಮಗೆ ಜಾಸ್ತಿ ಅನಿಸಲಿಲ್ಲ.

ರಜೆಗೆ ಬರೋ ಫೌಜಿಗಳು ಬಂದ ವಾರವೇ ತೋರಿಸಿ. ಕ್ಯಾಪ್ ಲ್ಯಾಬಿನಿಂದ ಬರೋಕೆ ದಿನ ಹಿಡಿಯುತ್ತೆ.